ಹುಟ್ಟಿನ ಮೇಲಿನ ಸಂಶಯ

ದಂಡನೆ ಮನುಷ್ಯನು ಎಸಗಿದ ಕೃತ್ಯಕ್ಕೇ ಹೊರತು ಅವನು ಹುಟ್ಟಿದ ಕುಲಕ್ಕಲ್ಲವೆಂಬುದು ನ್ಯಾಯದ ಮೊದಲ ಪಾಠ. ಆದರೂ ಎಲ್ಲಿಯಾದರೂ ಕಳವಾಯಿತೆಂದರೆ ಪೋಲೀಸರ ದೃಷ್ಟಿ ಮೊದಲು ಕೆಲವು ಕೇರಿಗಳ ಕಡೆಗೆ, ಕೆಲವು ಜಾತಿಗಳ ಕಡೆಗೆ ಹರಿಯುತ್ತದೆ. ಈ ರೂಢಿ ನಮ್ಮಲ್ಲಿ ತಾನಾಗಿ ಬೆಳೆದುದಲ್ಲ. ಅದಕ್ಕೆ ಒಂದು ಕಾಯಿದೆಯ ತಳಪಾಯವಿದ್ದಿತು.

೧೮೭೧ರಲ್ಲಿ ಬ್ರಿಟಿಷ್ ಸರಕಾರವು ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು ತಂದು, ಇಡಿಯ ಪಂಗಡಗಳನ್ನೇ ಹುಟ್ಟುಕಳ್ಳರ ಪಟ್ಟಿಗೆ ಸೇರಿಸಿತು. ಮೊದಲು ಉತ್ತರ ಹಿಂದುಸ್ತಾನಕ್ಕೆ ಸೀಮಿತವಾಗಿದ್ದ ಇದು ೧೯೧೧ರ ತಿದ್ದುಪಡಿಯಿಂದ ದಕ್ಷಿಣಕ್ಕೂ ಹಬ್ಬಿತು. ಪಟ್ಟಿಯಲ್ಲಿ ಹೆಸರಿದ್ದವನು ಪೋಲೀಸರೆದುರು ಹಾಜರಿ ಕೊಡಬೇಕು. ಪರವೂರಿಗೆ ಹೋಗಲು ಪರವಾನಗಿ ಪಡೆಯಬೇಕು. ಕನ್ನಡ ನಾಡೂ ಇದರಿಂದ ಪಾರಾಗಲಿಲ್ಲ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥ ಪಂಗಡಗಳನ್ನು ‘ಸೆಟ್ಲ್‌ಮೆಂಟು’ಗಳಲ್ಲಿ ಕೂಡಿಹಾಕಲಾಯಿತು. ಹುಬ್ಬಳ್ಳಿಯ ಒಂದು ಬಡಾವಣೆಗೆ ಇಂದಿಗೂ ಸೆಟ್ಲ್‌ಮೆಂಟೆಂದೇ ಹೆಸರು. ಗಂಟಿಚೋರರಿಗಂತೂ ಪಂಗಡದ ಹೆಸರಿನಲ್ಲಿಯೇ ಕಳ್ಳತನದ ಮುದ್ರೆ.

ಸ್ವಾತಂತ್ರ್ಯ ಬಂದ ಮೇಲೆ ಅನಂತಶಯನಂ ಅಯ್ಯಂಗಾರರ ಸಮಿತಿ ಈ ಕಾಯಿದೆಯನ್ನು ಪರಿಶೀಲಿಸಿತು. ೧೯೫೨ರ ಆಗಸ್ಟ್ ೩೧ರಂದು ಅದು ರದ್ದಾಯಿತು. ಕಾಯಿದೆ ಹೋಯಿತು, ಸಂಶಯ ಹೋಗಲಿಲ್ಲ. ಮುಂಬಯಿ ರಾಜ್ಯದಲ್ಲಿ ೧೯೫೯ರಲ್ಲಿಯೂ ನಮ್ಮ ರಾಜ್ಯದಲ್ಲಿ ೧೯೬೧ರಲ್ಲಿಯೂ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ಅಕ್ಷರಶಃ ಇವು ಮೇಲಿಂದ ಮೇಲೆ ಶಿಕ್ಷೆಗೊಳಗಾದ ವ್ಯಕ್ತಿಗಳಿಗೆ ಸಂಬಂಧಿಸಿದವು. ಆದರೆ ಠಾಣೆಯ ದಫ್ತರದಲ್ಲಿ ಹಳೆಯ ಕುಲಗಳ ಹೆಸರು ಅಳಿಸಲಿಲ್ಲ. ಹಿಂದುಳಿದ ಜಾತಿ ಪಂಗಡಗಳ ನಿರಪರಾಧಿಗಳ ಹೆಸರನ್ನು ಪೋಲೀಸರು ಯಾಂತ್ರಿಕವಾಗಿ ತಮ್ಮ ದಾಖಲೆಗೆ ಏರಿಸಕೂಡದೆಂದು ಸುಪ್ರೀಂ ಕೋರ್ಟು ೨೦೨೪ರ ಮೇ ತಿಂಗಳಲ್ಲಿ ಹೇಳಬೇಕಾಯಿತು. ಆ ವರ್ಷದ ಅಕ್ಟೋಬರ್ ೩ರಂದು, ಈ ವಿಮುಕ್ತ ಪಂಗಡಗಳವರನ್ನು ಮನಬಂದಂತೆ ಬಂಧಿಸಲಾಗದೆಂದು ಮತ್ತೆ ಎಚ್ಚರಿಸಬೇಕಾಯಿತು. ಕಾಯಿದೆ ಸತ್ತು ಎಪ್ಪತ್ತೆರಡು ವರ್ಷಗಳಾದ ಮೇಲೆ!

ನೊಂದವರು ಕೈಕಟ್ಟಿ ಕುಳಿತಿಲ್ಲ. ೧೯೯೮ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಬುಧನ್ ಶಬರನೆಂಬ ಬಡವನು ಪೋಲೀಸರ ಕೈಗೆ ಸಿಕ್ಕಿ, ಹಿಂಸೆಗೊಳಗಾಗಿ, ಬಂಧನದಲ್ಲಿಯೇ ಸತ್ತನು. ಆತ್ಮಹತ್ಯೆಯೆಂದು ಅಧಿಕಾರಿಗಳು ಹೇಳಿದರು. ಆದರೆ ಶಬರರ ಕಲ್ಯಾಣ ಸಮಿತಿಯು ಲೇಖಕಿ ಮಹಾಶ್ವೇತಾ ದೇವಿಯವರ ಬೆಂಬಲದೊಡನೆ ಕಲಕತ್ತೆಯ ಹೈಕೋರ್ಟಿನ ಮೆಟ್ಟಿಲೇರಿತು. ಕೋರ್ಟು ಸಿ.ಬಿ.ಐ. ತನಿಖೆಗೆ ಆಜ್ಞೆಯಿತ್ತು, ವಿಧವೆಗೆ ಪರಿಹಾರ ಕೊಡಿಸಿತು. ಅದೇ ವರ್ಷ ಅಹಮದಾಬಾದಿನ ಛಾರಾ ತರುಣರು ಆ ಸಾವನ್ನು ನಾಟಕವಾಗಿ ಆಡತೊಡಗಿದರು. ಸಂಘಟನೆ, ಕಾನೂನು, ಸಾರ್ವಜನಿಕರ ಕಣ್ಣು, ಈ ಮೂರೇ ಅವರ ಆಯುಧಗಳು.

ಹೊಟ್ಟೆಪಾಡಿಗಾಗಿ ಪರನಾಡಿಗೆ ಬಂದ ನಮಗೂ ಈ ಮಾತಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ೧೯೬೦ರ ದಶಕದ ಉತ್ತರಾರ್ಧದಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಚಳವಳಿಯನ್ನೂ ಉಡುಪಿ ಹೋಟೆಲುಗಳ ಮೇಲೆ ನಡೆದ ದಾಳಿಗಳನ್ನೂ ನಮ್ಮ ಹಿರಿಯರು ಮರೆತಿಲ್ಲ. ಕನ್ನಡಿಗ, ತಮಿಳ, ಮಲೆಯಾಳಿ ಎಂಬ ಭೇದವಿಲ್ಲದೆ ಎಲ್ಲರಿಗೂ ‘ಮದರಾಸಿ’ ಎಂಬ ಒಂದೇ ಹಣೆಪಟ್ಟಿ. ಹುಟ್ಟಿದೂರಿನ ಮೇಲೆ ತೀರ್ಪು ಹೇಳಿಸಿಕೊಳ್ಳುವ ನೋವು ನಮಗೆ ಹೊಸದಲ್ಲ.

ಹೀಗಿದ್ದೂ ನಮ್ಮದೇ ಹೋಟೆಲಿನ ಗಲ್ಲಾದಲ್ಲಿ ನೂರು ರೂಪಾಯಿ ಕಡಮೆಯಾದರೆ ನಾವು ಮೊದಲು ಯಾರ ಟ್ರಂಕು ತೆರೆಸುತ್ತೇವೆ? ಲೆಕ್ಕ ನೋಡುವ ಮುನ್ನವೇ, ನಿನ್ನೆ ಮೊನ್ನೆ ಬಂದ, ಲೋಟ ತೊಳೆಯುವ ಹುಡುಗನದನ್ನು. “ಅವನ ಜಾತಿ ಗೊತ್ತಲ್ಲ” ಎಂಬ ಪಿಸುಮಾತು ನಮ್ಮ ಬಾಯಿಂದಲೇ ಠಾಣೆಯನ್ನು ತಲಪುತ್ತದೆ. ಪೋಲೀಸರ ಪೂರ್ವಗ್ರಹವನ್ನು ದೂರುವ ನಾವು ಅದಕ್ಕೆ ಎಣ್ಣೆ ಎರೆಯುವುದನ್ನು ಮೊದಲು ನಿಲ್ಲಿಸಬೇಕು. ದೂರಿನಲ್ಲಿ ಹೊತ್ತು, ಮೊತ್ತ, ಕೀಲಿಕೈ ಯಾರಲ್ಲಿತ್ತೆಂಬ ಸಂಗತಿ ಇರಲಿ. ಕುಲದ ಊಹೆ ಬೇಡ.

ಎರಡನೆಯದಾಗಿ, ಕಾನೂನನ್ನು ಅರಿತಿರಬೇಕು. ಜಾತಿ, ಧರ್ಮಗಳಂತೆಯೇ ಹುಟ್ಟಿದ ಸ್ಥಳದ ಕಾರಣದಿಂದಲೂ ಸರಕಾರ ಭೇದವೆಣಿಸಕೂಡದೆಂದು ಸಂವಿಧಾನದ ೧೫ನೆಯ ವಿಧಿ ಸಾರುತ್ತದೆ. ೨೨ನೆಯ ವಿಧಿಯಂತೆ, ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಗೊಡಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು ೨೪ ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಬಂಧನದ ದಿನ, ಹೊತ್ತುಗಳನ್ನು ಬರೆದು ಸಾಕ್ಷಿಯ ಸಹಿ ಪಡೆಯಬೇಕೆಂದೂ ನಂಟರಿಗಾಗಲಿ ಗೆಳೆಯರಿಗಾಗಲಿ ಸುದ್ದಿ ಮುಟ್ಟಿಸಬೇಕೆಂದೂ ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೯೬ರಲ್ಲಿಯೇ ವಿಧಿಸಿದೆ. ವಕೀಲರಿಗೆ ಕೊಡಲು ಹಣವಿಲ್ಲದವರು ೧೫೧೦೦ ಸಂಖ್ಯೆಗೆ ಫೋನು ಮಾಡಿ ಉಚಿತ ಕಾನೂನು ನೆರವನ್ನು ಕೇಳಬಹುದು. ಓಡುವುದು, ಕೈಮಾಡುವುದು ಸಲ್ಲದು. ಕೇಳಿದ್ದಕ್ಕೆ ಸೌಮ್ಯವಾಗಿ ಉತ್ತರಿಸಿ, ಓದದೆ ಯಾವ ಕಾಗದಕ್ಕೂ ಸಹಿ ಹಾಕದಿರುವುದೇ ವಿವೇಕ.

ಮೂರನೆಯದು ನಮ್ಮ ಸಂಘಗಳ ಹೊಣೆ. ರಾಜ್ಯೋತ್ಸವ, ಯಕ್ಷಗಾನಗಳಿಗೆ ಹಣ ಕೂಡಿಸಬಲ್ಲ ನಮಗೆ, ಅಪರಾತ್ರಿಯಲ್ಲಿ ಕರೆದರೆ ಬರುವ ಒಬ್ಬ ವಕೀಲರನ್ನೂ ಠಾಣೆಗೆ ಜೊತೆಹೋಗುವ ಇಬ್ಬರು ಸದಸ್ಯರನ್ನೂ ಗೊತ್ತುಮಾಡಿಡುವುದು ಅಸಾಧ್ಯವೇನಲ್ಲ. ಪ್ರತಿ ಹೋಟೆಲಿನ ಮಾಲೀಕರೂ ಕೆಲಸಗಾರರಿಗೆ ಗುರುತಿನ ಪತ್ರ ಕೊಡಲಿ. ಈ ನೆರವು ತುಳುವನಿಗೆ, ಬಂಟನಿಗೆ, ಬ್ರಾಹ್ಮಣನಿಗೆ ಮಾತ್ರವೆಂದಾದರೆ ಅದರ ಅರ್ಥವೇ ಕೆಡುತ್ತದೆ. ಬಿಹಾರದ ಹುಡುಗನಿಗೂ ವಿಮುಕ್ತ ಪಂಗಡದ ಹುಡುಗನಿಗೂ ಅದು ಸಿಗಬೇಕು.

ಠಾಣೆಗೆ ಒಬ್ಬಂಟಿಯಾಗಿ ಹೋದ ಬಡವನ ಮಾತಿಗೆ ಬೆಲೆಯಿಲ್ಲ. ನಾಳೆ ನಿಮ್ಮ ಜೊತೆಯ ಕೆಲಸಗಾರನನ್ನು ಕರೆದೊಯ್ದರೆ, ಅವನ ಕುಲವನ್ನು ಕೇಳದೆ ಅವನೊಡನೆ ನಡೆಯಿರಿ.