ಪುಟಾಣಿ ತಪ್ಪಾತು, ಹಾರ್ಧಿಕ ನಡೀತು

ಈ ಸಲ ರಾಜ್ಯೋತ್ಸವಕ್ಕ ನಮ್ಮ ಓಣಿಯ ಮಹಿಳಾ ಮಂಡಳದಾಗ ಶಬ್ದಾರ್ಥದ ಸ್ಪರ್ಧೆ ಇಟ್ಟಿದ್ವಿ. ಪೇಪರ್ ತಿದ್ದಿದಾಕಿ ನಾನ. ಅದಕ್ಕ ಮೊದಲು ನನ್ನ ತಪ್ಪು ಒಪ್ಪಿಕೊಂಡು, ಆಮ್ಯಾಲೆ ಉಳಿದವರಿಗೆ ಬೈತೇನಿ.

ಪ್ರಶ್ನೆ, ಉತ್ತರ ಎರಡೂ ಬೆಂಗಳೂರಿಂದ ತರಿಸಿದ ಒಂದು ಪುಸ್ತಕದ್ದು. 'ಪುಟಾಣಿ' ಅಂದ್ರ ಪುಸ್ತಕದ ಪ್ರಕಾರ ಚಿಕ್ಕ ಮಗು. ಎದುರಮನಿ ಕಾಕೂ ಬರದಿದ್ರು, 'ಚುನಮರಿ ಒಗ್ಗರಣಿಗೆ ಹಾಕೋದು'. 'ತ್ರಾಸು' ಅಂದ್ರ ತಕ್ಕಡಿ. ಕಾಕೂ ಬರದಿದ್ದು, 'ಮೊಣಕಾಲಿಂದು'. ಎರಡಕ್ಕೂ ಕೆಂಪು ಗೀಟು ಎಳದೆ. ಓದಿ ಹೇಳಿದಾಗ ಎಲ್ಲಾರೂ ನಕ್ಕರು, ಕಾಕೂನೂ ನಕ್ಕರು. ಮರುವಾರದಿಂದ ಅವರು ಮಂಡಳಕ್ಕ ಬಂದಿಲ್ಲ.

ಹೇಳ್ರಿ, ಅವತ್ತ ಮುಂಜಾನೆ ನಾನ ಪುಟಾಣಿ ಚಟ್ನಿಪುಡಿ ಮಾಡಿಟ್ಟು ಬಂದಿದ್ದೆ! ಧಾರವಾಡದಾಗ ಹುಟ್ಟಿ ಬೆಳದಾಕಿಗೆ ಪುಟಾಣಿ ಅಂದ್ರೇನು ಅಂತ ಗೊತ್ತಿಲ್ಲೇನು? ಗೊತ್ತಿತ್ತು. ಆದ್ರ ಪುಸ್ತಕದಾಗ ಇರಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ ಆತು. ಅದರಾಗ ಒಂದೊಂದು ಶಬ್ದಕ್ಕ ಎಷ್ಟು ಅರ್ಥ ಕೊಟ್ಟಾರ ನೋಡ್ರಿ. ನಮ್ಮ ಸ್ಪರ್ಧೆದಾಗ ಮಾತ್ರ ಒಂದು ಶಬ್ದಕ್ಕ ಒಂದ ಅರ್ಥ, ಅದೂ ಬ್ಯಾರೆ ಊರಿಂದು.

ಇನ್ನ ಎರಡನೇದು. ಅದ ವಾರ ಸ್ಮರಣ ಸಂಚಿಕೆಗೆ ಮುಖ್ಯ ಅತಿಥಿಗಳ ಸಂದೇಶ ಬಂತು. "ನಿಮಗ ಕನ್ನಡ ಛಲೋ ಬರತದ, ಒಂದೀಟು ತಿದ್ದಿ ಕೊಡ್ರಿ" ಅಂದ್ರು ಅಧ್ಯಕ್ಷರು. ಅರ್ಧ ಪುಟದಾಗ 'ಹಾರ್ಧಿಕ', 'ಉಧ್ಘಾಟನೆ', 'ಅಭಾರಿ'. ಹಾರ್ದಿಕ ಅನ್ನೋದು ಹೃದಯದಿಂದ ಬಂದದ್ದು, ಅಲ್ಲಿ ಇರೋದು ದ. ಉದ್ಘಾಟನೆಗೆ ಘ ಒಂದ ಮಹಾಪ್ರಾಣ ಸಾಕು. ಆಭಾರಿಯ ದೀರ್ಘ ತಗದರ ಉಪಕಾರದ ಭಾರನ ಇಲ್ಲದಂಗ ಆಗತದ. ತಿದ್ದಿ ಕೊಟ್ಟೆ. ಮರುದಿವಸ ಅಧ್ಯಕ್ಷರ ಫೋನು: "ಹಾಲ್‌ಗೆ ದೇಣಿಗಿ ಕೊಟ್ಟಾವರ್ರಿ ಅವರು. ಬರದಂಗ ಹಾಕಿಬಿಡೋಣು." ಹಂಗ ಅಚ್ಚಾತು. ನಾನೂ ಬಾಯಿ ತಗೀಲಿಲ್ಲ.

ಭಾಷಾ ಹರಿಯೋ ನೀರು, ಅಕ್ಷರ ಹಿಡಕೊಂಡು ಕೂಡಬಾರದು ಅಂತ ನೀವು ಅನ್ನಬಹುದು. ಆಗಲಿ. ಹಂಗಾದ್ರ ಆ ನೀರು ಕಾಕೂನ ಬಾಗಲಕ್ಕೂ ಹರೀಬೇಕಲ್ಲ? ಅವರು ಬರದದ್ದು ತಪ್ಪ ಅಲ್ಲ, ಅದು ನಮ್ಮ ಮನಿ ಮಾತು. ಸಾಹೇಬ್ರು ಬರದದ್ದು ತಪ್ಪು. ನಾವು ಸರೀನ ತಪ್ಪು ಮಾಡಿ ನಕ್ಕಿವಿ, ತಪ್ಪನ್ನ ಅಚ್ಚು ಹಾಕಿಸಿ ಚಪ್ಪಾಳಿ ತಟ್ಟಿದ್ವಿ. ಇದರಾಗ ಕನ್ನಡದ ಪರೀಕ್ಷೆ ಎಲ್ಲಿ ಬಂತು? ಯಾರು ವೇದಿಕಿ ಮ್ಯಾಲೆ, ಯಾರು ಜಮಖಾನದ ಮ್ಯಾಲೆ ಅಂತ ನೋಡಿ ಮಾರ್ಕ್ಸ್ ಹಾಕಿದಂಗಾತು.

ಮುಂದಿನ ಸಲ ಸ್ಪರ್ಧೆ ಇಡೂದಾದ್ರ 'ಇದರ ಅರ್ಥವೇನು' ಅಂತ ಕೇಳೂದು ಬ್ಯಾಡ. 'ನಿಮ್ಮ ಮನ್ಯಾಗ ಇದಕ್ಕ ಏನಂತೀರಿ' ಅಂತ ಕೇಳೋಣು. ದೊಡ್ಡವರ ಬರಹ ತಿದ್ದಲಿಕ್ಕೆ ಧೈರ್ಯ ಇಲ್ಲಂದ್ರ ನನ್ನ ಕೈಯಾಗ ಕೊಡಬ್ಯಾಡ್ರಿ.

ಕಾಕೂನ ಪೇಪರ್ ಮತ್ತ ತಗದು ಎರಡು ಮಾರ್ಕ್ಸ್ ಕೂಡಿಸೇನಿ. ಈಗ ಮೊದಲನೇ ನಂಬರ್ ಅವರದ. ಸ್ಟೀಲ್ ಡಬ್ಬಿ ಒಯ್ದವರು ದಯಮಾಡಿ ತಿರುಗಿ ಕೊಡ್ರಿ. ಅದರಾಗ ಪುಟಾಣಿ ತುಂಬಿ ನಾನ ಅವರ ಮನಿಗೆ ಮುಟ್ಟಸ್ತೇನಿ.