ಸರದಿ ಯಾರದು?

ಪಡಿತರ ಅಂಗಡಿಯಲ್ಲಿ ಮೊದಲು ಬಂದವನಿಗೆ ಮೊದಲು ಅಕ್ಕಿ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆ ಲೆಕ್ಕ ನಡೆಯದು. ಅಲ್ಲಿ ಯಾರ ಪ್ರಾಣಕ್ಕೆ ಹೆಚ್ಚು ಅಪಾಯವೋ ಅವರಿಗೆ ಮೊದಲ ಸರದಿ. ಇದು ತಿಳಿಯದೆ ನಮ್ಮ ಲೈನ್ ಮನೆಗಳವರು, "ನಮ್ಮ ನಂತರ ಬಂದವರನ್ನು ಮೊದಲು ಕರೆದರು, ಕೂಲಿಯವರೆಂದು ನಮ್ಮನ್ನು ಕಡೆಗಣಿಸಿದರು" ಎಂದು ನೊಂದುಕೊಳ್ಳುವುದುಂಟು. ಒಮ್ಮೊಮ್ಮೆ ಆ ದೂರು ನಿಜವೂ ಆಗಿರಬಹುದು. ಆದುದರಿಂದಲೇ ನಿಯಮವನ್ನು ನಾವು ತಿಳಿದಿರಬೇಕು.

ರೋಗಿ ಬಂದೊಡನೆ ನರ್ಸು ಉಸಿರು, ನಾಡಿ, ರಕ್ತದೊತ್ತಡ, ಜ್ವರ, ರಕ್ತದ ಆಮ್ಲಜನಕ, ಪ್ರಜ್ಞೆ ಇವುಗಳನ್ನು ನೋಡುತ್ತಾರೆ. ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಇದರ ಮೇಲೆ ಮೂರು ಬಣ್ಣದ ವಿಂಗಡಣೆ: ಕೆಂಪಾದರೆ ಈಗಲೇ, ಹಳದಿಯಾದರೆ ಬೇಗನೆ, ಹಸಿರಾದರೆ ಕಾಯಬಹುದು. 1990ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ ಕ್ರಮದಲ್ಲಿ ಐದು ಬಣ್ಣಗಳಿವೆ. ಕೆಂಪಿಗೆ ತಕ್ಷಣ, ಕೊನೆಯ ನೀಲಿಗೆ 240 ನಿಮಿಷದೊಳಗೆ.

ನೋವಿನಿಂದ ಗಟ್ಟಿಯಾಗಿ ಕೂಗುವವನಿಗೆ ಕೂಗಲು ಉಸಿರಾದರೂ ಇದೆ. ಜ್ವರದಲ್ಲಿ ಮಾತು ತಡವರಿಸಿ, ಮೇಲುಸಿರು ಬಿಡುತ್ತ ಬೆಂಚಿಗೆ ಒರಗಿ ಸುಮ್ಮನೆ ಕುಳಿತ ಅಜ್ಜಿಯೇ ಕೆಂಪು ಬಣ್ಣಕ್ಕೆ ಸೇರಿದವಳಿರಬಹುದು. ಇಲ್ಲಿ ನಮ್ಮ ಸಂಕೋಚವೇ ನಮಗೆ ಶತ್ರು. ಎದೆನೋವು, ಉಸಿರುಕಟ್ಟು, ಬಾಯಿ ಸೊಟ್ಟಗಾಗುವುದು, ಕೈಕಾಲು ಬೀಳುವುದು, ಫಿಟ್ಸ್, ಹಾವಿನ ಕಡಿತ, ಔಷಧ ಸಿಂಪಡಿಸುವಾಗ ವಿಷವೇರುವುದು, ಇವುಗಳನ್ನು ಬಾಗಿಲಲ್ಲೇ ಹೇಳಿರಿ. ಎಷ್ಟು ಗಂಟೆಗೆ ಶುರುವಾಯಿತೆಂದೂ ಹೇಳಿರಿ. ಭಾಷೆ ತೊಡಕಾದರೆ ಎರಡು ಮಾತು ಸಾಕು: ತಮಿಳಿನಲ್ಲಿ "ನೆಂಜು ವಲಿ", "ಮೂಚ್ಚು ತಿಣರಲ್", ಮಲಯಾಳದಲ್ಲಿ "ನೆಂಜು ವೇದನ", "ಶ್ವಾಸಂ ಮುಟ್ಟಲ್". ಕಾಯುವಾಗ ರೋಗಿಯ ಸ್ಥಿತಿ ಕೆಟ್ಟರೆ ಎದ್ದುಹೋಗಿ ಮತ್ತೆ ತಿಳಿಸಿರಿ. ಬಣ್ಣ ಬದಲಾಗಬಹುದು.

ಕಾಯಿಸುವುದು ಬೇರೆ, ಹಿಂದಕ್ಕೆ ಕಳುಹಿಸುವುದು ಬೇರೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೂಲಿಕಾರನನ್ನು ಒಂದರ ಮೇಲೊಂದು ಸರ್ಕಾರಿ ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ. ಅವನ ಕೃಷಿ ಕಾರ್ಮಿಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆಯನ್ನು ಸಕಾಲಕ್ಕೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ಸರ್ಕಾರ ಹಣವಿಲ್ಲವೆಂದು ಇದರಿಂದ ತಪ್ಪಿಸಿಕೊಳ್ಳಲಾಗದು ಎಂದು 1996ರಲ್ಲಿ ತೀರ್ಪಾಯಿತು. ಅವನಿಗೆ 25,000 ರೂಪಾಯಿ ಪರಿಹಾರವೂ ದೊರೆಯಿತು. ಆ ಹಕ್ಕನ್ನು ನಮ್ಮಂತಹ ಕೂಲಿಯವರ ಸಂಘವೇ ಗೆದ್ದು ಕೊಟ್ಟಿತೆಂಬುದನ್ನು ಮರೆಯಬಾರದು.

ಹಾಸಿಗೆ ಇಲ್ಲವೆಂದರೆ, "ಮೊದಲು ಪ್ರಾಣಕ್ಕೆ ಬೇಕಾದ ಚಿಕಿತ್ಸೆ ಕೊಡಿ, ಎಲ್ಲಿ ಹಾಸಿಗೆ ಇದೆಯೆಂದು ವಿಚಾರಿಸಿ, ಆಂಬುಲೆನ್ಸಿನಲ್ಲಿ ಕಳುಹಿಸಿ" ಎಂದು ವಿನಯದಿಂದ, ಆದರೆ ಬಿಡದೆ ಕೇಳಿರಿ.

ಸಹೋದರ ಸಹೋದರಿಯರೇ, ನಮಗಿಂತ ಕಷ್ಟದಲ್ಲಿರುವವರಿಗೆ ದಾರಿ ಬಿಡೋಣ. ಕಾಯಿರಿ ಎಂದರೆ ಕಾಯೋಣ. ಹೋಗಿರಿ ಎಂದರೆ ಸುಮ್ಮನೆ ಹೋಗದಿರೋಣ.