ನಾಯಿಯ ಶಿಕ್ಷಣ: ದಂಡವೋ, ದಯೆಯೋ?

2024ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರವು 23 ತಳಿಯ ನಾಯಿಗಳನ್ನು ಕ್ರೂರವೆಂದು ಎಣಿಸಿ, ಅವುಗಳನ್ನು ಸಾಕಲು ಪರವಾನಗಿ ಕೊಡಕೂಡದೆಂದು ಸುತ್ತೋಲೆಯನ್ನು ಹೊರಡಿಸಿದುದೂ, ಏಪ್ರಿಲ್ ತಿಂಗಳಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ರದ್ದುಪಡಿಸಿದುದೂ ವಾಚಕರ ನೆನಪಿನಲ್ಲಿರಬಹುದು. ತಳಿಯನ್ನು ನಿಷೇಧಿಸಬೇಕೆ, ಬೇಡವೆ ಎಂಬ ಆ ವಾದದ ಗದ್ದಲದಲ್ಲಿ ಇನ್ನೊಂದು ಪ್ರಶ್ನೆಯು ಮರೆಯಾಯಿತು. ಈಗಾಗಲೇ ನಮ್ಮ ಅಂಗಳದಲ್ಲಿರುವ, ಕಚ್ಚುವ ಸ್ವಭಾವವನ್ನು ತೋರಿಸಿದ ನಾಯಿಯನ್ನು ತಿದ್ದತಕ್ಕ ಬಗೆ ಯಾವುದು?

ಈ ಪ್ರಶ್ನೆಗೆ ಬಹುಜನರ ಉತ್ತರವು ಒಂದೇ: ದೊಣ್ಣೆ. ನಾಯಿ ಗುರುಗುಟ್ಟಿದರೆ ಹೊಡೆಯಬೇಕು, ಮುಳ್ಳಿನ ಪಟ್ಟಿಯನ್ನು ತೊಡಿಸಿ ಜಗ್ಗಬೇಕು, ನೆಲಕ್ಕೆ ಕೆಡವಿ ಒತ್ತಿಹಿಡಿದು ಯಜಮಾನನಾರೆಂಬುದನ್ನು ತಿಳಿಯಪಡಿಸಬೇಕು ಎನ್ನುವರು. ಈ ಮತಕ್ಕೆ ಗ್ರಂಥಾಧಾರವೂ ಉಂಟು. ಜರ್ಮನಿಯ ಪೋಲೀಸು ನಾಯಿಗಳ ಶಿಕ್ಷಕನಾದ ಕಾನ್ರಾಡ್ ಮೋಸ್ಟ್ ಎಂಬವನು 1910ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಬಹುಮಾನದ ಪ್ರಸ್ತಾಪವಿದ್ದರೂ ಬಲಾತ್ಕಾರಕ್ಕೆ ದೊಡ್ಡ ಸ್ಥಾನವಿತ್ತು. 1947ರಲ್ಲಿ ರುಡೋಲ್ಫ್ ಶೆಂಕೆಲ್ ಎಂಬ ವಿದ್ವಾಂಸನು ಸೆರೆಯಲ್ಲಿದ್ದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಹೋರಾಡುವುವೆಂದು ಬರೆದನು. ತೋಳದ ಮಾತನ್ನು ನಾಯಿಗೂ ಅನ್ವಯಿಸಿ, ಒಡೆಯನು ನಾಯಿಯನ್ನು ಸೋಲಿಸಿ ಆಳಬೇಕೆಂಬ ಸಿದ್ಧಾಂತವನ್ನು ಕಟ್ಟಿದರು.

ಈ ಕಟ್ಟಡದ ತಳಹದಿಯೇ ಈಗ ಕುಸಿದಿದೆ. ಅಮೆರಿಕದ ಡೇವಿಡ್ ಮೀಚ್ ಎಂಬ ಶಾಸ್ತ್ರಜ್ಞರು 1970ರ ತಮ್ಮ ಗ್ರಂಥದಲ್ಲಿ ಇದೇ ಅಭಿಪ್ರಾಯವನ್ನು ಹರಡಿದ್ದವರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಕಣ್ಣಾರೆ ನೋಡಿದ ಬಳಿಕ 1999ರಲ್ಲಿ ತಾವೇ ಅದನ್ನು ತಿದ್ದಿದರು. ತೋಳದ ಹಿಂಡೆಂಬುದು ಸಾಮಾನ್ಯವಾಗಿ ತಾಯಿ, ತಂದೆ, ಮರಿಗಳ ಸಂಸಾರವೇ ಹೊರತು ಕುಸ್ತಿಯ ಅಖಾಡವಲ್ಲವೆಂಬುದು ಅವರ ನಿರ್ಣಯ. ಪರಸ್ಪರ ಗುರುತಿಲ್ಲದ ತೋಳಗಳನ್ನು ಒಂದೇ ಬೋನಿನಲ್ಲಿ ಕೂಡಿಹಾಕಿದಾಗ ಕಂಡ ಕಲಹವನ್ನು ಸೃಷ್ಟಿನಿಯಮವೆಂದು ತಿಳಿದುದು ಭ್ರಾಂತಿಯಾಗಿತ್ತು.

ದಂಡದ ಫಲವೇನೆಂಬುದಕ್ಕೂ ಪ್ರಮಾಣವಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ನಡತೆಯ ದೋಷಕ್ಕಾಗಿ ತಮ್ಮಲ್ಲಿಗೆ ತಂದ ನಾಯಿಗಳ ಒಡೆಯರನ್ನು ವಿಚಾರಿಸಿ, 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೊಡೆದ ಅಥವಾ ಒದ್ದ ಒಡೆಯರಲ್ಲಿ 100ಕ್ಕೆ 43 ಮಂದಿಯೂ, ನಾಯಿಯನ್ನು ಕೆಡವಿ ಮಗುಚಿದವರಲ್ಲಿ 100ಕ್ಕೆ 31 ಮಂದಿಯೂ ಅದು ತಿರುಗಿಬಿದ್ದುದಾಗಿ ತಿಳಿಸಿದರು. ಇದಕ್ಕೆ ಕಾರಣವು ಗೂಢವಾದುದಲ್ಲ. ಕಚ್ಚುವ ನಾಯಿಗಳಲ್ಲಿ ಬಹುಪಾಲು ಹೆದರಿದ ನಾಯಿಗಳು. ಅಪರಿಚಿತನನ್ನು ಕಂಡು ಹೆದರಿದ ನಾಯಿಗೆ ಅದೇ ಕ್ಷಣದಲ್ಲಿ ಏಟು ಬಿದ್ದರೆ, ಅಪರಿಚಿತನು ಬಂದರೆ ನೋವು ಬರುವುದೆಂಬ ಪಾಠವನ್ನೇ ಅದು ಕಲಿಯುವುದು. ಇನ್ನು ಗುರುಗುಟ್ಟುವಿಕೆಯು ನಾಯಿಯು ನಮಗೆ ಕೊಡುವ ಎಚ್ಚರಿಕೆ. ಹೊಡೆತದಿಂದ ಆ ಸದ್ದನ್ನು ಅಡಗಿಸಿದರೆ ಭಯವು ಒಳಗೇ ಉಳಿದು, ನಾಯಿಯು ಮುನ್ಸೂಚನೆಯಿಲ್ಲದೆ ಬಾಯಿ ಹಾಕುವುದು. ಇದರ ಬೆಲೆಯನ್ನು ತೆರುವವನು ಹೊಡೆದ ಒಡೆಯನೇ ಆಗಬೇಕೆಂದಿಲ್ಲ. ನೆರೆಮನೆಯ ಕೂಸೋ, ಅಂಚೆಯವನೋ ಆಗಬಹುದು.

ಇನ್ನೊಂದು ಮಾರ್ಗವು ನಿಧಾನವಾದುದು, ಆದರೆ ನಂಬತಕ್ಕದ್ದು. ಮೊದಲು ಪಶುವೈದ್ಯನಿಗೆ ತೋರಿಸಬೇಕು. ಕಿವಿಯ ಹುಣ್ಣು, ಕೀಲುನೋವುಗಳಿಂದಲೂ ನಾಯಿ ಕಚ್ಚುವುದುಂಟು. ಅನಂತರ, ಅಪರಿಚಿತನು ಎಷ್ಟು ದೂರವಿದ್ದರೆ ಅದು ಶಾಂತವಾಗಿರುವುದೋ ಅಷ್ಟು ದೂರದಲ್ಲಿ ಅವನನ್ನು ನಿಲ್ಲಿಸಿ, ಅವನು ಕಂಡೊಡನೆ ಅದಕ್ಕೆ ಮಾಂಸದ ಚೂರನ್ನೋ ಬೇರೆ ಇಷ್ಟದ ತಿನಿಸನ್ನೋ ಕೊಡಬೇಕು. ದಿನದಿನಕ್ಕೆ ಅಂತರವನ್ನು ತುಸುತುಸುವೇ ಕಡಿಮೆಮಾಡಬೇಕು. ಅಂಜಿಕೆ ತೋರಿದರೆ ಹಿಂದಕ್ಕೆ ಸರಿಯಬೇಕು. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿದಾವು.

ದಂಡದಿಂದ ಕೂಡಲೇ ಗುಣ ಕಾಣುವುದಲ್ಲವೆ ಎಂದು ಕೆಲವರು ಆಕ್ಷೇಪಿಸುವರು. ಕಾಣುವುದು ನಿಜ, ಆದರೆ ಕಾಣುವುದು ಮೌನವೇ ಹೊರತು ಗುಣವಲ್ಲ. ಲಾಠಿಯ ಇದಿರಿನಲ್ಲಿ ಜನರು ಸುಮ್ಮನಾದುದನ್ನು ರಾಜನಿಷ್ಠೆಯೆಂದು ಭ್ರಮಿಸಿದ ಪರಕೀಯ ಸರಕಾರವನ್ನು ಕಂಡ ದೇಶಕ್ಕೆ ಈ ಭೇದವನ್ನು ವಿವರಿಸಬೇಕಾದುದಿಲ್ಲ. ನಮ್ಮ ನೀತಿಶಾಸ್ತ್ರವೂ ಸಾಮ, ದಾನ, ಭೇದಗಳ ತರುವಾಯವೇ ದಂಡವನ್ನು ಹೇಳಿದೆ.

ದಯೆಯೆಂದರೆ ಸಡಿಲವೆಂದು ಯಾರೂ ತಿಳಿಯಬಾರದು. ಕಚ್ಚುವ ನಾಯಿಗೆ ಬೀದಿಯಲ್ಲಿ ಹಗ್ಗವೂ ಬಾಯಿಕುಕ್ಕೆಯೂ ಇರಲೇಬೇಕು. ಮಕ್ಕಳೊಡನೆ ಅದನ್ನು ಒಂಟಿಯಾಗಿ ಬಿಡಲೇಕೂಡದು. ಎಷ್ಟು ಶ್ರಮಿಸಿದರೂ ಜನರ ನಡುವೆ ಇರಲು ತಕ್ಕದ್ದಾಗದ ಕೆಲವು ನಾಯಿಗಳಿರುವುವೆಂಬುದನ್ನೂ ನಾವು ಒಪ್ಪುತ್ತೇವೆ.

ಪ್ರಾಣಿಗಳನ್ನು ಹೊಡೆದು ಹಿಂಸಿಸುವುದನ್ನು 1960ರ ಕಾಯಿದೆಯು ಅಪರಾಧವೆಂದು ಸಾರಿತು. ಆದರೆ ಮೊದಲ ತಪ್ಪಿಗೆ ಅದು ಗೊತ್ತುಮಾಡಿದುದು 10ರಿಂದ 50 ರೂಪಾಯಿಗಳ ಜುಲ್ಮಾನೆ. 2017ರ ನಿಯಮಗಳು ತಳಿ ಬೆಳೆಸಿ ಮಾರುವವರನ್ನು ನೋಂದಣಿಗೆ ಒಳಪಡಿಸಿದುವು. ನಾಯಿಗೆ ಪಾಠ ಹೇಳುವವನ ಯೋಗ್ಯತೆಯನ್ನು ಅವು ವಿಚಾರಿಸಲಿಲ್ಲ. ನಗರಸಭೆಗಳು ಪರವಾನಗಿ ಕೊಡುವಾಗ ಹುಚ್ಚುನಾಯಿ ರೋಗದ ಲಸಿಕೆಯ ಚೀಟಿಯೊಡನೆ ನಾಯಿಯನ್ನು ತಿದ್ದುವ ಕ್ರಮದ ತಿಳಿವಳಿಕೆಯನ್ನೂ ಒಡೆಯನಿಗೆ ಕೊಡಲಿ. ಪಶುವೈದ್ಯ ಇಲಾಖೆಯು ಶಿಕ್ಷಕರಿಗೆ ಪರೀಕ್ಷೆಯನ್ನಿಟ್ಟು ಅರ್ಹತಾಪತ್ರವನ್ನು ನೀಡಲಿ. ತಳಿಗಳ ಪಟ್ಟಿಯನ್ನು ಮತ್ತೊಮ್ಮೆ ಬರೆಯುವುದಕ್ಕಿಂತ ಈ ಕೆಲಸದಿಂದ ನಮ್ಮ ಮಕ್ಕಳಿಗೆ ಹೆಚ್ಚಿನ ರಕ್ಷಣೆ ದೊರೆಯುವುದೆಂದು ನಮ್ಮ ದೃಢವಾದ ನಂಬಿಕೆ. ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುತ್ತೇವೆ.